ಸತ್ತ ಪ್ಲಗಿನ್‌ಗೆ ಒನ್ಸ್ ಮೋರ್

ಮಾರ್ಚ್ ೧೧, ಮಂಗಳವಾರ.

ಇವತ್ತೂ ಅದೇ ರಾಗ: "ಈ ಪ್ಲಗಿನ್ ಹಳೆಯದಾಗಿದೆ, ಅಪ್‌ಡೇಟ್ ಮಾಡಿ." ಮಾಡಲು ಹೋದರೆ ಅಪ್‌ಡೇಟ್ ಕೊಡುವ ಪುಟವೇ ಮಾಯ! ಎಲವೋ ಬ್ರೌಸರೇ, ಯಾರ ಮುಂದೆ ನಿನ್ನ ಆಟ?

ನಮ್ಮ ನಾಟಕ ಕಂಪನಿಯ ಹಳೆಯ ವೆಬ್‌ಸೈಟಿನಲ್ಲಿ ಅಕ್ಕ ರಾಜನ ಪಾತ್ರ ಮಾಡಿದ ವಿಡಿಯೊ ಇದೆ. ಆ ಪ್ಲಗಿನ್ ಇಲ್ಲದೆ ಅದು ಓಡದು. ಗಂಟಲಿನ ಆಪರೇಷನ್ ಆದಾಗಿನಿಂದ ಅಕ್ಕನಿಗೆ ಮಾತಿಲ್ಲ. ತನ್ನ ಗರ್ಜನೆಯನ್ನು ಮತ್ತೊಮ್ಮೆ ಕೇಳಬೇಕೆಂಬುದೊಂದೇ ಅವಳ ಆಸೆ.

ಸಂಜೆ ಅಳಿಯ ನೋಡಿ ತಲೆಯಾಡಿಸಿದ. "ಮಾವ, ಈ ಪ್ಲಗಿನ್ ಸತ್ತು ಎಷ್ಟೋ ವರ್ಷ ಆಯ್ತು. ಮಾಡಿದವರೇ ಕೈಬಿಟ್ಟಿದ್ದಾರೆ. ನೀವೂ ಬಿಟ್ಬಿಡಿ."

"ಸತ್ರೆ ಏನಯ್ಯಾ? ಜನ ಒನ್ಸ್ ಮೋರ್ ಅಂದ್ರೆ ನಮ್ಮ ಕಂಪನೀಲಿ ಸತ್ತ ರಾಜಾನೂ ಎದ್ದು, ಇನ್ನೊಂದ್ಸಲ ಹಾಡಿ, ಮತ್ತೆ ಸಾಯ್ತಿದ್ದ!" ಎಂದು ಗುಡುಗಿದೆ.

"ಮೆತ್ತಗೆ ಮಾವ, ಪಕ್ಕದ ಮನೆಯವರು ಎದ್ದು ಬಂದಾರು."

ಅಕ್ಕ ಸದ್ದಿಲ್ಲದೆ ಬಾಯ್ತುಂಬ ನಕ್ಕಳು. ಆಮೇಲೆ ಮುಂದಿನ ಸಾಲಿನ ಪ್ರೇಕ್ಷಕರಂತೆ ಮೇಜನ್ನು ಪಟಪಟ ತಟ್ಟಿ, ಒಂದು ಬೆರಳೆತ್ತಿದಳು. ಒನ್ಸ್ ಮೋರ್!

ಅಳಿಯ ತೆಪ್ಪಗೆ ಅಟ್ಟ ಹತ್ತಿ ನಮ್ಮ ಹಳೆಯ ಕಂಪ್ಯೂಟರ್ ಇಳಿಸಿದ್ದಾನೆ. ಅದರಲ್ಲಿ ಆ ಪ್ಲಗಿನ್ ಉಳಿದಿದ್ದರೂ ಇರಬಹುದು. ನಿದ್ದೆ ಎಳೆಯುತ್ತಿದೆ. ಆದರೂ ಕೇಳು, ಬ್ರೌಸರೇ: ಅಪ್ಪಣೆ ಪ್ರೇಕ್ಷಕರದು. ನಮ್ಮ ರಾಜ ಎದ್ದು ಗರ್ಜಿಸುವವರೆಗೂ ಈ ಮನೆಯಲ್ಲಿ ಪರದೆ ಬೀಳ...