ಬಾಗಿಲ ಹೊರಗೆ ಒಂದು ಚಿಟಿಕೆ ಇಂಗು

ಪದ್ದಣ್ಣಾ,

ಗ್ರಾಂಟ್ ರೋಡಿನ ನಮ್ಮ ಹೋಟೆಲು ಇವತ್ತು ಮತ್ತೆ ತೆರೆಯಿತು. ನಿಮ್ಮ ಜಾಗಕ್ಕೆ ಬಂದ ಹೊಸ ಭಟ್ಟರ ಸಾಂಬಾರು ಚೆನ್ನಾಗಿದೆ; ನೀವಿದ್ದರೆ ಬೆಲ್ಲ ಜಾಸ್ತಿ ಎನ್ನುತ್ತಿದ್ದಿರಿ.

ಎಲ್ಲರಿಗೂ ಕೋವಿಡ್ ಟೆಸ್ಟ್ ಮಾಡಿಸಿದ್ದೇನೆ, ಯಾರಿಗೂ ಇಲ್ಲ. ಆದರೂ ದಿನಾ ಬೆಳಿಗ್ಗೆ ಅಡುಗೆಮನೆಗೆ ಹೋಗುವ ಮೊದಲು ಒಬ್ಬೊಬ್ಬರೇ ಬಾಗಿಲ ಹೊರಗೆ ಮಾಸ್ಕ್ ಇಳಿಸಿ, ನಾನು ಕೊಟ್ಟ ಚಿಟಿಕೆ ಇಂಗು ಮೂಸಬೇಕು. ವಾಸನೆ ಬಾರದವರಿಗೆ ಪಗಾರ ಕಡಿತವಿಲ್ಲದೆ ರಜೆ.

ಪಾತ್ರೆ ತೊಳೆಯುವ ಶರಣು ಮೂಸಿದವನೇ ಜೋರಾಗಿ ಸೀನಿದ. ಎಲ್ಲರೂ ಹಿಂದೆ ಸರಿದರು. "ನೆತ್ತಿಗೇರ್ತು ನೋಡ್ರಿ ಅಕ್ಕಾರ, ಇವತ್ತ ನನಗ ಸಾಂಬಾರ್ ಬ್ಯಾಡ" ಎಂದ. ಆಗ ಎಲ್ಲರೂ ನಕ್ಕರು. ನಾನೂ ನಕ್ಕೆ.

ಲಾಕ್‌ಡೌನಿಗೆ ಮುಂಚೆ ನೀವು, "ಈ ಇಂಗು ಎಂತಕ್ಕೂ ಆಗುದಿಲ್ಲ ಮಾರಾಯ್ತಿ, ವಾಸನೆಯೇ ಇಲ್ಲ" ಎಂದಿರಿ. ವಾಸನೆ ತಿಳಿಯದಿರುವುದು ಕಾಯಿಲೆಯ ಗುರುತೆಂದು ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ. ಅಂಗಡಿಯವನಿಗೆ ಬೈದು ಹೊಸ ಡಬ್ಬಿ ತರಿಸಿದೆ. ಅದನ್ನೂ ಮೂಸಿ, ಒಂದು ಚಿಟಿಕೆ ಹೆಚ್ಚೇ ಒಗ್ಗರಣೆಗೆ ಹಾಕಿದಿರಿ. ಆಮೇಲೆ ಆಸ್ಪತ್ರೆಗೆ ಹೋದವರು ಬರಲಿಲ್ಲ.

ಶರಣು ಸೀನಿದ್ದು ನೀವು ಬೇಡವೆಂದ ಆ ಹಳೆಯ ಡಬ್ಬಿಯ ಇಂಗಿಗೇ, ಪದ್ದಣ್ಣ. ಘಮ ಒಂದಿಷ್ಟೂ ಕಡಿಮೆಯಾಗಿಲ್ಲ.

ಮೋಹಿನಿ