ಮೂರನೆಯ ಕೂಗು

ಅಕ್ಕಾ,

ಇವತ್ತು ಏಕಾದಶಿ. ಹಾಲು ಕರೆದು, ಕೊಟ್ಟಿಗೆ ಗುಡಿಸಿ, ದೇವರಿಗೆ ದೀಪ ಹಚ್ಚಿದ್ದಾಯಿತು. ಉಪವಾಸವಾದ್ದರಿಂದ ಅಡುಗೆಯ ಗಡಿಬಿಡಿಯಿಲ್ಲ. ನಿನಗೆ ಬರೆಯಲು ಕುಳಿತೆ.

ಸುಮಾ ಜ್ವರದಿಂದ ಹಾಸಿಗೆ ಹಿಡಿದಾಗ, ಮಗಳು ಎದ್ದರೆ ಗುಡ್ಡದ ದೇವರಿಗೆ ಗಂಟೆ ಕಟ್ಟುತ್ತೇನೆಂದು ಹರಕೆ ಹೊತ್ತಿದ್ದೆಯಲ್ಲ? ಗಂಟೆ ತಂದಿಟ್ಟೆ, ಕಟ್ಟುವ ಮೊದಲು ನೀನೇ ಹೋಗಿಬಿಟ್ಟೆ. ನಿನ್ನ ಮಗಳು ಈಗ ಗಟ್ಟಿಯಾಗಿದ್ದಾಳೆ ಅಕ್ಕಾ. ಮೊನ್ನೆ ಆ ಗಂಟೆಯನ್ನು ಬೆನ್ನುಚೀಲದಲ್ಲಿ ಹೊತ್ತು ನನ್ನನ್ನೂ ಹೊರಡಿಸಿದಳು. ದೇವರಿಗೆ ಒಪ್ಪಿಸುವ ಮೊದಲು ಹರಕೆಯ ಗಂಟೆ ಸದ್ದು ಮಾಡಬಾರದಲ್ಲ, ಅದರ ನಾಲಗೆಗೆ ಬಟ್ಟೆ ಸುತ್ತಿದ್ದೆ.

ಬಸರೀಕಟ್ಟೆಯಿಂದ ಹತ್ತಿದ ಜೀಪು ಅರ್ಧ ದಾರಿಯಲ್ಲೇ ನಿಂತಿತು. "ಇನ್ನು ಇದು ಏಳಲ್ಲ ಅಮ್ಮ, ನಡೀರಿ" ಎಂದ ಡ್ರೈವರ್.

"ಐವತ್ತಾದ ನಾನೇ ಏಳ್ತೀನಿ, ನಿನ್ನ ಜೀಪಿಗೆ ಎಂತ ಧಾಡಿ ಮಾರಾಯ?" ಎಂದೆ.

ನಡೆದೆವು. ಕಾಡು ದಾಟಿ ಹುಲ್ಲುಗುಡ್ಡ ಹತ್ತುವಾಗ ಕಾಲಿಗೆ ಹತ್ತಿ ರಕ್ತ ಹೀರುತ್ತಿದ್ದ ಇಂಬಳ ಕೀಳಲು ನಾನು ಹಿಂದೆ ಉಳಿದೆ. ತಲೆಯೆತ್ತಿದರೆ ಬರೀ ಮಂಜು. ಸುಮಾ ಇಲ್ಲ.

ಸೌದೆಗೆ ಹೋದಾಗ ನೀನು ಕಲಿಸಿದ್ದು ನೆನಪಿದೆಯೇ? ಕಾಡಿನಲ್ಲಿ ಯಾರೇ ಕರೆದರೂ ಮೂರನೆಯ ಕೂಗಿಗೇ ಓಗೊಡಬೇಕು, ದೆವ್ವ ಎರಡೇ ಸಲ ಕರೆಯುವುದು ಎಂದು. "ಚಿಕ್ಕಮ್ಮಾ..." ಎಂದು ಕೇಳಿತು. ಇನ್ನೊಮ್ಮೆ ಕೇಳಿತು. ಬಾಯಿ ಬಿಗಿಹಿಡಿದು ಮೂರನೆಯದಕ್ಕೆ ಕಾದೆ. ಬರಲೇ ಇಲ್ಲ. ಪಕ್ಕದಲ್ಲೇ ಕಮರಿ. ನಿನ್ನ ಮಗಳನ್ನೂ ಕಳೆದುಕೊಂಡೆನೇ ಎಂದು ಅದರ ಅಂಚಿಗೆ ಬಗ್ಗಿ ನೋಡಿದೆ.

ಆಗ ಗಂಟೆ ಬಡಿಯಿತು. ಸದ್ದು ಹಿಡಿದೇ ಹೋದೆ. ಬಂಡೆಯ ಮೇಲೆ ಕುಳಿತಿದ್ದಳು, ಬಟ್ಟೆ ಬಿಚ್ಚಿದ ಗಂಟೆ ಕೈಯಲ್ಲಿ.

"ಎರಡು ಸಲ ಕೂಗಿದೆ, ಎಂತಕ್ಕೆ ಓಗೊಡ್ಲಿಲ್ಲ?"

"ಮೂರನೇದು ಕೂಗ್ಬೇಕಿತ್ತು ಮಾರಾಯ್ತಿ!"

"ನನ್ನ ದೆವ್ವ ಅಂತ ಮಾಡಿದ್ಯಾ? ದೆವ್ವ ಇಷ್ಟು ಭಾರದ ಚೀಲ ಹೊರ್ತದಾ?"

ಇಬ್ಬರೂ ನಕ್ಕೆವು, ಅತ್ತೆವು. ಮಂಜು ಮಾತ್ರ ಕರಗಲಿಲ್ಲ. ಹಿಂದಿರುಗಿದೆವು.

ಗಂಟೆ ಈಗ ನಮ್ಮ ದೇವರ ಮುಂದಿದೆ. ಸದ್ದು ಮಾಡಿಬಿಟ್ಟ ಗಂಟೆಯನ್ನು ಇನ್ನು ಗುಡ್ಡದಲ್ಲಿ ಕಟ್ಟಬಹುದೇ? ಮಗಳ ಜೀವಕ್ಕೆಂದು ಹೊತ್ತದ್ದು ಮಗಳಿಗಾಗಿಯೇ ಬಡಿಯಿತು, ದೇವರು ಬೇಡವೆನ್ನಲಾರ ಎಂದು ನನಗನಿಸುತ್ತದೆ. ಆದರೆ ಹರಕೆ ನಿನ್ನದು. ನೀನೇ ಹೇಳಬೇಕು.

ಆಸ್ಪತ್ರೆಯಲ್ಲಿ ನಿನ್ನ ಕಿವಿಯ ಹತ್ತಿರ ಎರಡು ಸಲ "ಅಕ್ಕಾ" ಎಂದಿದ್ದೆ. ಮೂರನೆಯ ಸಲ ಕರೆಯಲಾಗಲಿಲ್ಲ. ಈ ಪತ್ರವೇ ಮೂರನೆಯದು ಎಂದುಕೋ.

ಮಂಜು ಕಳೆದ ಮೇಲೆ ಸುಮಾ ಮತ್ತೆ ಗುಡ್ಡ ಹತ್ತುತ್ತಾಳೆ. ಅಲ್ಲಿ ನೀನು ಓಗೊಟ್ಟರೆ ಕೇಳಿಸಿಕೊಂಡು ಬಂದು ನನಗೆ ಹೇಳಬೇಕೆಂದು ಅವಳಿಗೆ ಹೇಳಿಟ್ಟಿದ್ದೇನೆ.