ಮೊದಲೇ ತುಂಬಿಟ್ಟ ಸೊನ್ನೆಗಳು

ವಿದ್ಯುತ್ ಪ್ರಸರಣ ಮಂಡಳಿಯ ಮುಖ್ಯಸ್ಥರೇ,

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದನ್ನು ಗಾದೆಯಲ್ಲಿ ಕೇಳಿದ್ದೆ. ಈಗ ನಿಮ್ಮ ವಿಚಾರಣಾ ವರದಿಯಲ್ಲಿ ಓದಿದೆ. ನಮ್ಮ ಸಬ್‌ಸ್ಟೇಷನ್ನಿನ ದೊಡ್ಡ ಟ್ರಾನ್ಸ್‌ಫಾರ್ಮರ್ ಸುಟ್ಟದ್ದು ಅದರ ನಿರ್ವಹಣೆ ನೋಡುವ ತಂತ್ರಜ್ಞನ ಲೋಪದಿಂದ ಎಂದು ತೀರ್ಮಾನಿಸಿ, ಬರುವ ಸೋಮವಾರ ಅವನನ್ನು ಕೆಲಸದಿಂದ ತೆಗೆಯಲು ಹೊರಟಿದ್ದೀರಿ. ಸುಟ್ಟದ್ದು ಸೂರ್ಯನ ಬಿರುಗಾಳಿಯಿಂದ. ಸೂರ್ಯನಿಗೆ ನೋಟಿಸ್ ಅಂಟಿಸಲು ಗೋಡೆ ಸಿಗಲಿಲ್ಲವೇನೋ! ಆದರೆ ನಿಮ್ಮನ್ನು ಬೈಯುವ ಯೋಗ್ಯತೆ ನನಗೂ ಇಲ್ಲ. ಆ ವರದಿಗೆ ಆಧಾರವಾದ ಸುಳ್ಳು ನನ್ನ ಕೈಬರಹದಲ್ಲಿದೆ.

ಸೂರ್ಯ ಸಿಡಿದಾಗ ಭೂಮಿಯ ಕಾಂತಕ್ಷೇತ್ರ ಅಲುಗಾಡುತ್ತದೆ, ನೆಲದಲ್ಲಿ ಕರೆಂಟು ಹುಟ್ಟುತ್ತದೆ, ಟ್ರಾನ್ಸ್‌ಫಾರ್ಮರನ್ನು ಭೂಮಿಗೆ ಜೋಡಿಸಿದ ತಂತಿ ಹಿಡಿದು ಒಳಗೆ ನುಗ್ಗುತ್ತದೆ. ಒಳಗಿನ ಕಬ್ಬಿಣ ಅದನ್ನು ತಾಳಲಾರದೆ ಕಾಯುತ್ತದೆ. ಇದನ್ನು ಹಿಡಿಯಲೆಂದೇ ಆ ತಂತಿಗೊಂದು ಮೀಟರ್ ಇದೆ. ಗಂಟೆಗೊಮ್ಮೆ ನೋಡಿ ಬರೆಯಬೇಕು. ಇಪ್ಪತ್ತೆರಡು ವರ್ಷ ಅದು ಸೊನ್ನೆಯನ್ನೇ ತೋರಿಸಿತು. ಹಾಗಾಗಿ ಪಾಳಿಗೆ ಬಂದ ಕೂಡಲೇ ಎಂಟೂ ಗಂಟೆಗಳ ಸೊನ್ನೆಗಳನ್ನು ಒಟ್ಟಿಗೆ ಬರೆದು ಮುಗಿಸುವುದು ನಮ್ಮ ರೂಢಿ. ಹೊಸಬರಿಗೆ ಇದನ್ನು ಕಲಿಸಿದವನೂ ನಾನೇ.

ಆ ದಿನ ಮಟಮಟ ಮಧ್ಯಾಹ್ನ ಟ್ರಾನ್ಸ್‌ಫಾರ್ಮರ್ ನರಳತೊಡಗಿತು. ಮೀಟರಿನ ಮುಳ್ಳು ಅರವತ್ತರಲ್ಲಿ ನಿಂತಿತ್ತು. ನಾನು ಗಾಜಿನ ಮೇಲೆ ಎರಡು ಸಲ ತಟ್ಟಿ, ಮೀಟರ್ ಕೆಟ್ಟಿದೆ ಎಂದುಕೊಂಡೆ. ಪುಸ್ತಕದಲ್ಲಿ ಸೊನ್ನೆ ಆಗಲೇ ಬಿದ್ದಿತ್ತು. ಅಂಕಿ ತಿದ್ದಿದರೆ ನಿಮ್ಮ ಕಚೇರಿ ಲಿಖಿತ ವಿವರಣೆ ಕೇಳುತ್ತದೆ. ಅಂಕಿ ಸುಳ್ಳಾದರೆ ಯಾರೂ ಏನೂ ಕೇಳುವುದಿಲ್ಲ. ನಿಯಂತ್ರಣ ಕೇಂದ್ರಕ್ಕೆ ಒಂದು ಫೋನ್ ಮಾಡಿದ್ದರೆ ಲೋಡ್ ಇಳಿಸುತ್ತಿದ್ದರು. ಮಾಡಲಿಲ್ಲ. ಐವತ್ತು ನಿಮಿಷಕ್ಕೆ ಹೊಗೆ ಎದ್ದಿತು. ಬಿರುಗಾಳಿಯ ಮುನ್ನೆಚ್ಚರಿಕೆ ನಿಮಗೆ ಹಿಂದಿನ ದಿನವೇ ಬಂದಿತ್ತಂತೆ. 'ಮಾಹಿತಿಗಾಗಿ' ಎಂಬ ಮೊಹರಿನೊಂದಿಗೆ ಅದು ನಮ್ಮ ಕೈಸೇರಿದ್ದು ಮೂರು ದಿನ ಕಳೆದ ಮೇಲೆ. ಎಂಥ ಚುರುಕು, ಸ್ವಾಮಿ!

ವಿಚಾರಣೆಯಲ್ಲಿ ಅಧಿಕಾರಿಗಳು ಪುಸ್ತಕ ಬಿಡಿಸಿ, ಭೂಮಿಯ ತಂತಿಯಲ್ಲಿ ಕರೆಂಟೇ ಇರಲಿಲ್ಲವಲ್ಲ ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಹೊರಗಿನ ಕಾರಣ ಇಲ್ಲವೆಂದಾದ ಮೇಲೆ ಉಳಿದವನು ನಿರ್ವಹಣೆಯವನು. ಅವನು ನನ್ನ ತಂಗಿಯ ಗಂಡ.

ಕಳೆದ ಭಾನುವಾರ ಅವರ ಮನೆಗೆ ಹೋಗಿದ್ದೆ. ಅವನು ತನ್ನ ಹಳೆಯ ಕೆಲಸದ ಚೀಟಿಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು, ಯಾವ ಬೋಲ್ಟು ಬಿಗಿಯಲು ಮರೆತೆನೋ ಎಂದು ಹುಡುಕುತ್ತಿದ್ದ. ತಂಗಿ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಡುತ್ತಿದ್ದಳು. ನನ್ನನ್ನು ಕಂಡು ಅವನೇ ಸಮಾಧಾನ ಹೇಳಿದ: "ಬೇಜಾರು ಮಾಡ್ಕೋಬೇಡಿ ಭಾವ. ನೀವು ನೋಡಿ ಬರ್ದಿದ್ದೀರಿ, ಸೊನ್ನೆ ಅಂತ. ಅಂದ್ಮೇಲೆ ತಪ್ಪು ನಂದೇ ಇರ್ಬೇಕು."

ಹತ್ತು ವರ್ಷ ಅವನು ಮುಟ್ಟಿದ ಯಂತ್ರ ಒಂದೂ ಕೆಟ್ಟಿಲ್ಲ. ಅಂಥವನು ತನ್ನ ಕೈಗಿಂತ ನನ್ನ ಸೊನ್ನೆಯನ್ನು ನಂಬಿದ. ನಾಚಿಕೆಯಿಂದ ನೀರು ಕೂಡ ಕುಡಿಯದೆ ಎದ್ದು ಬಂದೆ. ಆಗಲೂ ಬಾಯಿ ಬಿಡಲಿಲ್ಲ. ಅದಕ್ಕೇ ಈಗ ಊರೆಲ್ಲ ಓದುವ ಹಾಗೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಸೋಮವಾರದ ಆದೇಶವನ್ನು ರದ್ದು ಮಾಡಿ. ನೆರೆಯ ಸ್ಟೇಷನ್ನಿನಲ್ಲಿ ಅದೇ ಹೊತ್ತಿಗೆ ಯಂತ್ರವೇ ದಾಖಲಿಸಿಕೊಂಡ ಅಂಕಿಗಳಿವೆ, ತರಿಸಿ ನೋಡಿ. ಮುಂದಿನ ಎಚ್ಚರಿಕೆಯನ್ನಾದರೂ ಬಂದ ಗಳಿಗೆಯಲ್ಲೇ ಫೋನಿನಲ್ಲಿ ತಿಳಿಸಿ. ಆಮೇಲೆ ನನ್ನನ್ನು ಕರೆಸಿ. ತಂಗಿಗೆ ಈ ಪತ್ರದ ಪ್ರತಿಯನ್ನು ನಾನೇ ಕೊಟ್ಟು ಬರುತ್ತೇನೆ; ಅವಳು ಒಳಗೆ ಕರೆಯುತ್ತಾಳೋ ಇಲ್ಲವೋ ಗೊತ್ತಿಲ್ಲ.

ಇಂತಿ,
ಒಂದು ಮಾತು ಹೇಳಲು ಐದು ತಿಂಗಳು ತೆಗೆದುಕೊಂಡ
ಹಗಲು ಪಾಳಿಯ ಆಪರೇಟರ್